ಸಿಗರೇಟು, ಮದ್ಯ, ಜೂಜು ಬಿಟ್ಟು ಎಸ್‌ಐಪಿ: ನಂಬಿಕೆಗೆ ತಕ್ಕಂತೆ ಹೂಡಿಕೆ ಬದಲಿಸಿದ ನನ್ನ ಅನುಭವ

ಕಳೆದ ಜುಲೈಯಲ್ಲಿ ಶುರು ಮಾಡಿದ ಕೆಲಸ ಈ ಮೇ ತಿಂಗಳಲ್ಲಿ ಒಂದು ಹಂತಕ್ಕೆ ಬಂತು. ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತಾಗಿ (ಅದೇ ಎಸ್‌ಐಪಿ) ಹಾಕುವ ನಮ್ಮ ಉಳಿತಾಯದ ದುಡ್ಡು ಸಿಗರೇಟು, ಮದ್ಯ, ಜೂಜಿನ ಕಂಪೆನಿಗಳಿಗೆ ಹೋಗಬಾರದು ಅನ್ನುವುದು ನನ್ನ ಉದ್ದೇಶ. ಕೇಳೋಕೆ ಸುಲಭ. ಇದ್ದ ಫಂಡು ಮಾರು, ಬೇರೆಯದು ಕೊಳ್ಳು, ಮುಗೀತು ಅಲ್ವಾ? ಎಲ್ಲಿ ಮುಗಿಯುತ್ತದೆ! ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಕೆಲವರು "ಹೇಗೆ ಮಾಡಿದಿರಿ, ನಮಗೂ ಹೇಳಿ ಮಾರಾಯ್ರೆ" ಎಂದು ಕೇಳುತ್ತಲೇ ಇದ್ದಾರೆ. ಆರಾಧನೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ಕಥೆ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೂಡಿಕೆ ಸಲಹೆಗಾರ್ತಿ ಅಲ್ಲ. ಅಂಧೇರಿಯ ಒಂದು ರಫ್ತು ಕಂಪೆನಿಯಲ್ಲಿ ಅಕೌಂಟ್ಸ್ ನೋಡುವವಳು, ಅಷ್ಟೇ.

ಶುರುವಾಗಿದ್ದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವಾಗ. ಸಿಎ ಕೇಳಿದರು ಅಂತ ಎಲ್ಲ ಮ್ಯೂಚುವಲ್ ಫಂಡುಗಳ ಒಟ್ಟು ಸ್ಟೇಟ್‌ಮೆಂಟ್ ತರಿಸಿದೆ. ಫಂಡುಗಳ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟಿನಲ್ಲಿ ಪಾನ್ ನಂಬರ್, ಇಮೇಲ್ ಕೊಟ್ಟರೆ ಪಿಡಿಎಫ್ ಮೇಲ್‌ಗೆ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಅದರಲ್ಲಿ ಇರುವುದು ಫಂಡಿನ ಹೆಸರು, ಯೂನಿಟ್ ಎಷ್ಟು, ಬೆಲೆ ಎಷ್ಟು ಅನ್ನುವುದು ಮಾತ್ರ. ನಮ್ಮ ದುಡ್ಡು ಯಾವ ಕಂಪೆನಿಯಲ್ಲಿ ಇದೆ ಅಂತ ತಿಳಿಯಬೇಕಾದರೆ ಆಯಾ ಫಂಡ್ ಕಂಪೆನಿಯ ವೆಬ್‌ಸೈಟಿನಲ್ಲಿ ತಿಂಗಳ ಪೋರ್ಟ್‌ಫೋಲಿಯೊ ಎಂಬ ಎಕ್ಸೆಲ್ ಫೈಲು ಹುಡುಕಬೇಕು. ತಿಂಗಳು ಮುಗಿದು 10 ದಿನದೊಳಗೆ ಅದನ್ನು ಹಾಕಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಇದೆ.

ಸುಮ್ನೆ ಕುತೂಹಲಕ್ಕೆ ತೆರೆದೆ. ಕಂಪೆನಿ ಹೆಸರು, ಐಎಸ್‌ಐಎನ್ (ಷೇರಿನ ಗುರುತಿನ ಸಂಖ್ಯೆ), ಇಂಡಸ್ಟ್ರಿ, ಷೇರುಗಳ ಸಂಖ್ಯೆ, ಲಕ್ಷಗಳಲ್ಲಿ ಬೆಲೆ, ಕೊನೆಗೆ ಶೇಕಡಾವಾರು ಎಂದು ಸಾಲುಗಳು. ಹುಡುಕುವ ಜಾಗದಲ್ಲಿ 'ಟೊಬ್ಯಾಕೊ' ಅಂತ ಹೊಡೆದೆ. ಏನೂ ಸಿಗಲಿಲ್ಲ. ಸಮಾಧಾನ ಆಯಿತು. ಆಮೇಲೆ ಒಂದೊಂದೇ ಸಾಲು ಓದುತ್ತಾ ಬಂದರೆ ಸಿಗರೇಟು ಮಾರುವ ಐಟಿಸಿ ಕೂತಿದೆ! ಅದರ ಎದುರು ಬರೆದದ್ದು 'ಡೈವರ್ಸಿಫೈಡ್ ಎಫ್‌ಎಂಸಿಜಿ', ಅಂದರೆ ದಿನಬಳಕೆಯ ಹಲವು ಬಗೆಯ ಸರಕು. ಸೋಪು ಮಾರುವ ಹಿಂದುಸ್ತಾನ್ ಯುನಿಲಿವರ್‌ಗೂ ಅದೇ ಹಣೆಪಟ್ಟಿ. ಸ್ವಲ್ಪ ಕೆಳಗೆ ಮದ್ಯದ ಕಂಪೆನಿ ಯುನೈಟೆಡ್ ಸ್ಪಿರಿಟ್ಸ್, ಅದರ ಮುಂದೆ 'ಬೆವರೇಜಸ್'. ನಮ್ಮ ಚಹಾ ಕಾಫಿಯೂ ಬೆವರೇಜೇ ತಾನೆ. ಗೋವಾದಲ್ಲಿ ಕ್ಯಾಸಿನೊ ನಡೆಸುವ ಡೆಲ್ಟಾ ಕಾರ್ಪ್ ಇದ್ದರೆ ಅದು 'ಲೀಷರ್ ಸರ್ವಿಸಸ್' ಅಡಿಯಲ್ಲಿ ಬರುತ್ತದೆ. ಹಾಗಾಗಿ ಇಂಡಸ್ಟ್ರಿ ಕಾಲಂ ನಂಬಿ ಹುಡುಕಬೇಡಿ. ಕಂಪೆನಿ ಹೆಸರುಗಳನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಐಟಿಸಿ, ಗಾಡ್‌ಫ್ರೆ ಫಿಲಿಪ್ಸ್, ವಿಎಸ್‌ಟಿ ಇಂಡಸ್ಟ್ರೀಸ್, ಯುನೈಟೆಡ್ ಸ್ಪಿರಿಟ್ಸ್, ಯುನೈಟೆಡ್ ಬ್ರುವರೀಸ್, ರ‍್ಯಾಡಿಕೊ ಖೇತಾನ್, ಡೆಲ್ಟಾ ಕಾರ್ಪ್. ಇಷ್ಟು ನೋಡಿದರೆ ದೊಡ್ಡವೆಲ್ಲ ಸಿಕ್ಕಿಬಿಡುತ್ತವೆ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳಬಹುದು. ನಮ್ಮದು ಉಡುಪಿ ಕಡೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟಂಟ್ ಮಿಶನ್) ಕುಟುಂಬ. ಮುತ್ತಜ್ಜ ಮೂರ್ತೆ ಕೆಲಸದವರು, ಅಂದರೆ ಕಳ್ಳು ಇಳಿಸುವವರು. 1834ರಲ್ಲಿ ಮಿಶನ್ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಆ ಕಸುಬಿನ ಜನ ಬಹಳ. ದೀಕ್ಷಾಸ್ನಾನ ಆದವರು ಕಳ್ಳು ಇಳಿಸುವ ಹಾಗಿರಲಿಲ್ಲ. ಕಸುಬು ಹೋದರೆ ಹೊಟ್ಟೆಗೇನು? ಮಿಶನ್ ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣ. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದ್ದು. ಮುತ್ತಜ್ಜ ಸೇರಿದ್ದು ಮಲ್ಪೆಯದಕ್ಕೆ. ಮೊದಲ ವರ್ಷಗಳಲ್ಲಿ ಮನೆಯಲ್ಲಿ ಒಪ್ಪೊತ್ತಿನ ಊಟ ಇತ್ತಂತೆ, ಅಜ್ಜಿ ಹೇಳುತ್ತಿದ್ದರು. ಅವರು ಹಾಗೆ ಬಿಟ್ಟ ವ್ಯಾಪಾರದ ಲಾಭ ನನ್ನ ಫೋಲಿಯೊಗೆ (ಫಂಡ್ ಖಾತೆಗೆ) ಬರುತ್ತಿದೆ ಅಂದರೆ ಕಸಿವಿಸಿ ಆಗದೆ ಇರುತ್ತದಾ?

ಮುಂದಿನ ಕೆಲಸ, ಯಾವುದು ಬೇಕು ಯಾವುದು ಬೇಡ ಅಂತ ತೀರ್ಮಾನ ಮಾಡುವುದು. ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಇದೇ. ಫಂಡು ಹುಡುಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಫಂಡಿಗೂ ಹೊಸ ಚರ್ಚೆ ಶುರುವಾಗುತ್ತದೆ.

ನನ್ನ ಗಂಡನದು ಮೊದಲಿನಿಂದಲೂ ವಿರೋಧ ಪಕ್ಷ. "ಪೌಲನೇ ಹೇಳಿದ್ದಾನಲ್ಲ, ಮಾಂಸದ ಅಂಗಡಿಯಲ್ಲಿ ಸಿಕ್ಕಿದ್ದನ್ನು ಪ್ರಶ್ನೆ ಕೇಳದೆ ತಿನ್ನಿ ಅಂತ" ಎಂದು ಬೈಬಲಿನ 1 ಕೊರಿಂಥ 10:25 ತೆಗೆದು ತೋರಿಸಿದರು. ನಾನು ಹಬಕ್ಕೂಕ 2:15 ತೋರಿಸಿದೆ. ನೆರೆಯವನಿಗೆ ಕುಡಿಸಿ ಅಮಲೇರಿಸುವವನ ಗತಿಯನ್ನು ಅಲ್ಲಿ ಹೇಳಿದೆ. "ಹಾಗಾದರೆ ಆಶೀರ್ವಾದ್ ಹಿಟ್ಟು? ಅದೂ ಐಟಿಸಿಯದೇ. ನಾಳೆಯಿಂದ ಚಪಾತಿ ಬೇಡವಾ?" ಅಂದರು. ಒಳ್ಳೆಯ ಪ್ರಶ್ನೆ. ಯೋಚಿಸಿ ಒಂದು ನಿಯಮ ಮಾಡಿದೆ: ಕಂಪೆನಿಯ ಲಾಭದ ದೊಡ್ಡ ಪಾಲು ಎಲ್ಲಿಂದ ಬರುತ್ತದೆ ಅಂತ ನೋಡುವುದು. ಐಟಿಸಿ ಹಿಟ್ಟು, ಬಿಸ್ಕತ್ತು, ನೋಟ್‌ಬುಕ್ ಎಲ್ಲ ಮಾರುತ್ತದೆ, ಆದರೆ ಲಾಭದ ದೊಡ್ಡ ಪಾಲು ಈಗಲೂ ಸಿಗರೇಟಿನದೇ. ಅದು ಬೇಡ. ಬಾರ್ ಇರುವ ಹೋಟೆಲ್ ಕಂಪೆನಿ ಇರಲಿ. ಹಿಟ್ಟು ಕೊಳ್ಳುವುದು ಬೇರೆ, ಕಂಪೆನಿಯ ಪಾಲುದಾರಳಾಗುವುದು ಬೇರೆ. ಚಪಾತಿ ಉಳಿಯಿತು.

ಬ್ಯಾಂಕುಗಳ ಬಗ್ಗೆ ಸಭಾಪಾಲಕರನ್ನು (ಪಾಸ್ಟರನ್ನು) ಕೇಳಿದೆ. ಕೀರ್ತನೆ 15 ಬಡ್ಡಿಗೆ ಸಾಲ ಕೊಡದವನನ್ನು ಹೊಗಳುತ್ತದೆ. ಮತ್ತಾಯ 25ರಲ್ಲಿ ತಲಾಂತನ್ನು (ಹಣವನ್ನು) ಹೂತಿಟ್ಟ ಆಳಿಗೆ ಯಜಮಾನನು, ಸಾಹುಕಾರರ ಹತ್ತಿರ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು ಅನ್ನುತ್ತಾನೆ. ಬಡವನ ಕಷ್ಟ ನೋಡಿ ಬಡ್ಡಿ ಹಿಂಡುವುದನ್ನು ಬೈಬಲ್ ಖಂಡಿಸುತ್ತದೆ, ಬ್ಯಾಂಕ್ ಷೇರು ಇಟ್ಟುಕೊಳ್ಳಲು ಅಡ್ಡಿಯಿಲ್ಲ ಅಂದರು ಅವರು. ನನಗೂ ಒಪ್ಪಿಗೆಯಾಯಿತು.

ಯುದ್ಧ ಸಾಮಗ್ರಿಯ ವಿಷಯ ಕಷ್ಟದ್ದು. ಅಮೆರಿಕದಲ್ಲಿ ಮೆಥಡಿಸ್ಟ್ ಸಭೆಯ ಇಬ್ಬರು ಸೇರಿ 1971ರಲ್ಲಿ ಪ್ಯಾಕ್ಸ್ ವರ್ಲ್ಡ್ ಫಂಡ್ ಶುರು ಮಾಡಿದ್ದೇ ವಿಯೆಟ್ನಾಂ ಯುದ್ಧದ ಆಯುಧಗಳಿಗೆ ತಮ್ಮ ದುಡ್ಡು ಹೋಗಬಾರದು ಅಂತ. ಆದರೆ ನಮ್ಮ ದೊಡ್ಡಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಅವರ ಸಂಬಳದಲ್ಲೇ ನಮ್ಮಪ್ಪ ಓದಿದ್ದು. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲೇ ಖಾಕಿ ಬಣ್ಣ ಹುಟ್ಟಿತು ಅನ್ನುವ ಮಾತೂ ಇದೆ. ಇದನ್ನೆಲ್ಲ ನೋಡಿ ರಕ್ಷಣಾ ಕಂಪೆನಿಗಳನ್ನು ನನ್ನ ಬೇಡದ ಪಟ್ಟಿಗೆ ಸೇರಿಸಲಿಲ್ಲ. ನಿಮ್ಮ ಮನಸ್ಸು ಬೇರೆ ಹೇಳಿದರೆ ಸೇರಿಸಿಕೊಳ್ಳಿ.

ಕ್ಯಾಥೊಲಿಕರ ಪಟ್ಟಿ ನಮ್ಮದಕ್ಕಿಂತ ಬೇರೆ ಆಗಬಹುದು. ಅಮೆರಿಕದ ಕ್ಯಾಥೊಲಿಕ್ ಬಿಷಪರ ಸಮ್ಮೇಳನ 2021ರಲ್ಲಿ ಹೂಡಿಕೆ ಬಗ್ಗೆ ಹೊಸ ಮಾರ್ಗಸೂಚಿ ತಂದಿತು, 2022ರಲ್ಲಿ ವ್ಯಾಟಿಕನ್ನಿನ ಸಮಾಜ ವಿಜ್ಞಾನ ಅಕಾಡೆಮಿಯಿಂದಲೂ ಒಂದು ದಾಖಲೆ ಬಂತು. ಗರ್ಭಪಾತದಂಥ ಜೀವ ರಕ್ಷಣೆಯ ವಿಷಯಗಳಿಗೆ ಬಿಷಪರು ಮೊದಲ ಸ್ಥಾನ ಕೊಡುತ್ತಾರೆ. ಹಾಗೆ ನೋಡಿದರೆ ಫಾರ್ಮಾ ಕಂಪೆನಿಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ. ವಸಾಯಿಯಿಂದ ಬರುವ ನನ್ನ ಕ್ಯಾಥೊಲಿಕ್ ಸಹೋದ್ಯೋಗಿ ಮಾತ್ರ "ಕಾನಾ ಊರಿನ ಮದುವೆಯಲ್ಲಿ ಏನಾಯ್ತು ಮರೆತುಬಿಟ್ಟೆಯಾ?" ಎಂದು, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದನ್ನು ನೆನಪಿಸಿ ನಕ್ಕಳು.

ಪಟ್ಟಿ ಹಿಡಿದುಕೊಂಡು ಏಜೆಂಟರ ಹತ್ತಿರ ಹೋದೆ. "ಅಕ್ಕಾ, ಎಲ್ರೂ ರಿಟರ್ನ್ ಎಷ್ಟು ಅಂತ ಕೇಳ್ತಾರೆ. ಒಳಗೆ ಏನಿದೆ ಅಂತ ಕೇಳಿದವರು ನೀವೇ ಮೊದಲು" ಅಂದರು. ಭಾರತದಲ್ಲಿ ಕ್ರೈಸ್ತರ ಹೆಸರಿನ ಮ್ಯೂಚುವಲ್ ಫಂಡ್ ಇಲ್ಲ. ಅಮೆರಿಕದಲ್ಲಿ ಟಿಮೊತಿ ಪ್ಲಾನ್, ಅವೆ ಮರಿಯಾ ಅಂತ ಇವೆ, ಆದರೆ ಡೊಂಬಿವಲಿಯಲ್ಲಿ ಕೂತು ತಿಂಗಳ ಸಂಬಳದಲ್ಲಿ ಉಳಿಸುವವರಿಗೆ ಆ ದಾರಿ ಯಾಕೆ. ಬಿಟ್ಟೆ.

ಉಳಿದದ್ದು ಎರಡು ಬಗೆ. ಒಂದು, ಹೆಸರಿನಲ್ಲಿ ಇಎಸ್‌ಜಿ ಇರುವವು, ಅಂದರೆ ಪರಿಸರ, ಸಮಾಜ, ಕಂಪೆನಿ ಆಡಳಿತ ನೋಡಿ ಷೇರು ಆರಿಸುವ ಫಂಡುಗಳು. ಇಲ್ಲಿ ಎಚ್ಚರ ಬೇಕು. ಇಎಸ್‌ಜಿ ಅಂದ ಕೂಡಲೇ ಸಿಗರೇಟು ಇಲ್ಲ ಅಂತ ಅರ್ಥ ಅಲ್ಲ. ನೀರು, ಕಾಡು, ಕಾರ್ಬನ್ ಲೆಕ್ಕದಲ್ಲಿ ಐಟಿಸಿಗೆ ಒಳ್ಳೆಯ ಹೆಸರಿದೆ, ಕಂಪೆನಿಗಳಿಗೆ ಇಎಸ್‌ಜಿ ದರ್ಜೆ ಕೊಡುವ ಎಂಎಸ್‌ಸಿಐ ಸಂಸ್ಥೆ ಅದಕ್ಕೆ ಹಲವು ವರ್ಷ ಎಎ ಎಂಬ ಮೇಲಿನ ದರ್ಜೆ ಕೊಟ್ಟಿತ್ತು. 2023ರಲ್ಲಿ ಸೆಬಿ ಇಎಸ್‌ಜಿ ಫಂಡುಗಳನ್ನು ಆರು ಬಗೆಯಾಗಿ ವಿಂಗಡಿಸಿತು. ಅದರಲ್ಲಿ ನಮಗೆ ಬೇಕಾದದ್ದು 'ಎಕ್ಸ್‌ಕ್ಲೂಷನ್', ಅಂದರೆ ಕೆಲವು ಉದ್ಯಮಗಳನ್ನು ಹೊರಗಿಡುವ ಬಗೆ. 'ಬೆಸ್ಟ್ ಇನ್ ಕ್ಲಾಸ್' ಅಂತ ಇದ್ದರೆ ಪ್ರತಿ ಉದ್ಯಮದಲ್ಲೂ ಉತ್ತಮವಾದದ್ದನ್ನು ಆರಿಸಬಹುದು, ಉದ್ಯಮವನ್ನೇ ಹೊರಗಿಡಬೇಕೆಂದಿಲ್ಲ.

ಇನ್ನೊಂದು ಬಗೆ ನನಗೆ ಹೊಳೆದೇ ಇರಲಿಲ್ಲ. ಆಫೀಸಿನಲ್ಲಿ ಭಟ್ಕಳದವರೊಬ್ಬರು ಇದ್ದಾರೆ, ನನಗಿಂತ ಹಿರಿಯರು. ನನ್ನ ಗೋಳು ಕೇಳಿ, "ನಾವು ಇದನ್ನೆಲ್ಲ ಯಾವಾಗಲೋ ಮಾಡಿ ಮುಗಿಸಿದ್ದೇವೆ, ಬನ್ನಿ ಇಲ್ಲಿ" ಅಂತ ತಮ್ಮ ಪೋರ್ಟ್‌ಫೋಲಿಯೊ ತೋರಿಸಿದರು. ಟಾಟಾ ಎಥಿಕಲ್ ಫಂಡ್ 1996ರಿಂದ ಇದೆ, ಇಸ್ಲಾಮಿನ ಶರಿಯಾ ನಿಯಮದಂತೆ ನಡೆಯುತ್ತದೆ. ನಿಫ್ಟಿ 50 ಶರಿಯಾ ಸೂಚ್ಯಂಕವನ್ನು ಹಿಂಬಾಲಿಸುವ ಒಂದು ಇಟಿಎಫ್ (ಷೇರಿನ ಹಾಗೆ ಪೇಟೆಯಲ್ಲಿ ಕೊಳ್ಳುವ ಫಂಡ್) ಕೂಡ ಇದೆ. ಮದ್ಯ, ತಂಬಾಕು, ಜೂಜು ಮೂರೂ ಅಲ್ಲಿ ಹೊರಗೆ. ಹಂದಿಮಾಂಸ ಹೊರಗೆ, ಬ್ಯಾಂಕುಗಳೂ ಹೊರಗೆ, ತುಂಬಾ ಸಾಲ ಇರುವ ಕಂಪೆನಿಗಳೂ ಹೊರಗೆ. ಬ್ಯಾಂಕ್ ಇಲ್ಲದ್ದರಿಂದ ಐಟಿ, ಔಷಧ ಕಂಪೆನಿಗಳ ಪಾಲು ಜಾಸ್ತಿ ಇರುತ್ತದೆ. ಐಟಿ ಷೇರು ಕುಸಿದ ವರ್ಷ ಹೊಡೆತವೂ ಜಾಸ್ತಿ ಅಂತ ಅವರೇ ಎಚ್ಚರಿಸಿದರು.

ಸಭೆಯಲ್ಲಿ ಒಂದಿಬ್ಬರು ಇದನ್ನು ಕೇಳಿ ಮುಖ ಸಿಂಡರಿಸಿದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಜರಡಿ ಯಾರ ಮನೆಯದಾದರೇನು, ಕಲ್ಲು ಹೊರಗೆ ಹೋದರೆ ಸಾಕು.

ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ಪ್ರಿಯರಿಗೆ ಒಂದು ಮಾತು. 50 ದೊಡ್ಡ ಕಂಪೆನಿಗಳ ಸೂಚ್ಯಂಕವಾದ ನಿಫ್ಟಿ 50ರ ಸಾಮಾನ್ಯ ಫಂಡಿನಲ್ಲಿ ಐಟಿಸಿಯನ್ನು ಬಿಡಿ ಅನ್ನಲು ಬರುವುದಿಲ್ಲ. ನಿಫ್ಟಿಯಲ್ಲಿ ಅದು ಇರುವವರೆಗೆ ನಿಮ್ಮ ಫಂಡಿನಲ್ಲೂ ಇರುತ್ತದೆ. ಹೊರಬಂದರೆ ವರ್ಷದ ಖರ್ಚು ಏರುತ್ತದೆ. ನನ್ನ ಇಂಡೆಕ್ಸ್ ಫಂಡಿನಲ್ಲಿ ನೂರಕ್ಕೆ ಕಾಲು ರೂಪಾಯಿಯೂ ಇರಲಿಲ್ಲ, ಈಗ ಅದರ ಹಲವು ಪಟ್ಟು ಕೊಡುತ್ತಿದ್ದೇನೆ. ಇದು ಒಂದು ಸಲದ ಖರ್ಚಲ್ಲ, ಪ್ರತಿ ವರ್ಷದ್ದು. ಇದನ್ನು ಒಪ್ಪಿಕೊಂಡೇ ಹೊರಡಬೇಕು.

ಫಂಡು ಆರಿಸಿದ ಮೇಲೆ ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಹೊಸ ಫಂಡ್ ಕಂಪೆನಿಯಲ್ಲಿ ಖಾತೆ ತೆರೆಯಲು ಹೋದರೆ 'ಕೆವೈಸಿ ಆನ್ ಹೋಲ್ಡ್' ಅಂತ ಬಂತು. ಪಾನಿನಲ್ಲಿ ತವರುಮನೆಯ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಸರ್‌ನೇಮ್. ನಮ್ಮ ಹೆಂಗಸರಲ್ಲಿ ಮುಕ್ಕಾಲು ಪಾಲು ಜನರ ಕಥೆ ಇದೇ ಇರಬೇಕು. 2024ರ ಏಪ್ರಿಲ್‌ನಿಂದ ಕೆವೈಸಿಗೆ ಮೂರು ಸ್ಥಿತಿ ಬಂದಿದೆ. 'ವ್ಯಾಲಿಡೇಟೆಡ್' ಇದ್ದರೆ ಎಲ್ಲಿ ಬೇಕಾದರೂ ಹೂಡಬಹುದು. 'ರಿಜಿಸ್ಟರ್ಡ್' ಇದ್ದರೆ ಹಳೆಯ ಕಡೆ ನಡೆಯುತ್ತದೆ, ಹೊಸ ಫಂಡ್ ಕಂಪೆನಿಗೆ ಮತ್ತೆ ದಾಖಲೆ ಕೊಡಬೇಕು. 'ಆನ್ ಹೋಲ್ಡ್' ಆದರೆ ಎಲ್ಲ ನಿಂತಿತು. ನಿಮ್ಮದು ಯಾವುದು ಅಂತ ಕೆವೈಸಿ ದಾಖಲೆ ಇಡುವ ಕೆಆರ್‌ಎ ಸಂಸ್ಥೆಯ ವೆಬ್‌ಸೈಟಿನಲ್ಲಿ ಪಾನ್ ನಂಬರ್ ಹಾಕಿ ಇವತ್ತೇ ನೋಡಿಕೊಳ್ಳಿ.

ಪಾನ್ ಹೆಸರು ಬದಲಿಸಲು ನಾನು ಕೊಟ್ಟದ್ದು ಮದುವೆ ಸರ್ಟಿಫಿಕೇಟ್. ನಮ್ಮ ಮದುವೆ ಆದದ್ದು ಊರಿನ ದೇವಾಲಯದಲ್ಲಿ (ಚರ್ಚಿನಲ್ಲಿ), ಸರ್ಟಿಫಿಕೇಟ್ ಪೂರ್ತಿ ಕನ್ನಡದಲ್ಲಿ. ಸಭಾಪಾಲಕರ ಚಂದದ ಕೈಬರಹ, ಕೆಳಗೆ ದುಂಡು ಮೊಹರು, ಸಾಕ್ಷಿಯ ಜಾಗದಲ್ಲಿ ನಮ್ಮ ಸೋದರಮಾವನ ನಡುಗುವ ಸಹಿ. ಸ್ಕ್ಯಾನ್ ಮಾಡಿ ಹಾಕಿದೆ. ಕೆಲವು ವಾರ ಕಳೆದು ಅರ್ಜಿ ವಾಪಸ್ ಬಂತು, ದಾಖಲೆ ಸ್ಪಷ್ಟವಾಗಿಲ್ಲ ಅಂತ. ಸ್ಪಷ್ಟವಾಗಿಯೇ ಇತ್ತು, ಓದುವವರಿಗೆ ಕನ್ನಡ ಬರುತ್ತಿರಲಿಲ್ಲ! ಸಿಟ್ಟು ಬಂತು. ಬಿಟ್ಟೇ ಬಿಡೋಣ ಅನ್ನಿಸಿತು ಕೂಡ. ಅಮ್ಮ ಊರಿನ ಸಭೆಯಲ್ಲಿ ವಿಚಾರಿಸಿದರು. ಅಲ್ಲಿನ ಸಭಾಪಾಲಕರು ರಿಜಿಸ್ಟರ್ ತೆಗೆದು ಇಂಗ್ಲಿಷಿನಲ್ಲಿ ದೃಢೀಕರಿಸಿದ ಪ್ರತಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಅದು ನಡೆಯಿತು. ಪಾನ್ ಸರಿಯಾದ ಮೇಲೆ ಬ್ಯಾಂಕಿನಲ್ಲಿ ಹೆಸರು, ಆಮೇಲೆ ಕೆವೈಸಿ, ಕೊನೆಗೆ ಹಳೆಯ ಫೋಲಿಯೊಗಳು. ಇದೇ ಕ್ರಮದಲ್ಲಿ ಮಾಡಿ. ಬ್ಯಾಂಕಿನಲ್ಲಿ ಹಳೆಯ ಹೆಸರು ಇದ್ದರೆ ಫಂಡು ಮಾರಿದ ದುಡ್ಡು ಬರುವಾಗ ಮತ್ತೆ ತೊಡಕು. ಊರಲ್ಲಿ ಮದುವೆ ಆಗಿ ಇಲ್ಲಿ ಇರುವವರು ಈ ರಜೆಯಲ್ಲಿ ಹೋದಾಗಲೇ ಒಂದು ಇಂಗ್ಲಿಷ್ ಪ್ರತಿ ಮಾಡಿಸಿ ತಂದಿಟ್ಟುಕೊಳ್ಳಿ.

ಈ ತಡದಿಂದ ಒಂದು ಲಾಭವೂ ಆಯಿತು. ಎಲ್ಲ ಮುಗಿಯುವಾಗ ಮಾರ್ಚ್ ಬಂದಿತ್ತು. ಈಕ್ವಿಟಿ (ಷೇರುಗಳ) ಫಂಡನ್ನು ವರ್ಷದ ಮೇಲೆ ಇಟ್ಟುಕೊಂಡು ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ ₹1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5%. ವರ್ಷದೊಳಗಿನದಕ್ಕೆ 20%. ನನ್ನದು ಒಟ್ಟು ಸುಮಾರು ₹2.7 ಲಕ್ಷ ಲಾಭ. ಒಂದೇ ಸಲ ಮಾರಿದ್ದರೆ ತೆರಿಗೆ ₹18,000 ದಾಟುತ್ತಿತ್ತು. ₹1.2 ಲಕ್ಷ ಲಾಭದಷ್ಟನ್ನು ಮಾರ್ಚ್‌ನಲ್ಲಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾರಿದೆ. ತೆರಿಗೆ ₹3,000 ಚಿಲ್ಲರೆಗೆ ಇಳಿಯಿತು, ಸೆಸ್ ಬೇರೆ. ಮೊದಲು ಕೊಂಡ ಯೂನಿಟ್ ಮೊದಲು ಮಾರಿದ ಹಾಗೆ ಲೆಕ್ಕ. ಎಸ್‌ಐಪಿಯ ಪ್ರತಿ ಕಂತಿಗೂ ಅದರದೇ ತಾರೀಕು. ಹಾಗಾಗಿ ಇತ್ತೀಚಿನ ಕಂತುಗಳನ್ನು ಮುಟ್ಟದೆ ಬಿಟ್ಟಿದ್ದೇನೆ. ಅವಕ್ಕೆ ವರ್ಷ ತುಂಬಿದರೆ 1% ಎಕ್ಸಿಟ್ ಲೋಡೂ (ಬೇಗ ಮಾರಿದರೆ ಹಿಡಿಯುವ ಶುಲ್ಕ) ಉಳಿಯುತ್ತದೆ. ಒಂದೇ ಕಂಪೆನಿಯ ಒಂದು ಫಂಡಿನಿಂದ ಇನ್ನೊಂದಕ್ಕೆ 'ಸ್ವಿಚ್' ಮಾಡಿದರೂ ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟವೇ. ಇನ್ನೊಂದು: ಎಸ್‌ಐಪಿ ನಿಲ್ಲಿಸಿದರೆ ಸಾಲದು, ಬ್ಯಾಂಕಿನಲ್ಲಿ ಆಟೊ ಡೆಬಿಟ್ ಮ್ಯಾಂಡೇಟ್ ರದ್ದಾಗಿದೆಯಾ ಅಂತಲೂ ನೋಡಿ.

ಎಷ್ಟು ಮಾಡಿದರೂ ಪೂರ್ತಿ ಶುದ್ಧ ಆಗುವುದಿಲ್ಲ. ನಮ್ಮ ಪಿಎಫ್ ದುಡ್ಡಿನ ಒಂದು ಭಾಗವನ್ನು 2015ರಿಂದ ನಿಫ್ಟಿ, ಸೆನ್ಸೆಕ್ಸ್ ಇಟಿಎಫ್‌ಗಳಲ್ಲಿ ಹಾಕುತ್ತಾರೆ, ಅಲ್ಲಿ ಐಟಿಸಿ ಇದ್ದೇ ಇದೆ. ಎಲ್‌ಐಸಿ ಐಟಿಸಿಯ ದೊಡ್ಡ ಪಾಲುದಾರ, ಸುಮಾರು 15% ಅದರ ಕೈಯಲ್ಲಿದೆ. ಪಾಲಿಸಿ ಸರೆಂಡರ್ ಮಾಡಬೇಕಾ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೇಡ ಅನ್ನಿಸಿತು. ನಾನು ಆರಿಸಬಹುದಾದ ಕಡೆ ಆರಿಸುತ್ತೇನೆ, ಆಯ್ಕೆಯೇ ಇಲ್ಲದ ಕಡೆ ಸುಮ್ಮನಿರುತ್ತೇನೆ. ಇದನ್ನು ಒಪ್ಪದವರು ನಮ್ಮ ಸಭೆಯಲ್ಲೇ ಇದ್ದಾರೆ.

ಈವರೆಗೆ ಬಂದ ಲಾಭದ ಕಥೆ? ಭಟ್ಕಳದ ಆ ಹಿರಿಯರು, ತಮ್ಮಲ್ಲಿ ನಿಷಿದ್ಧ ಆದಾಯದ ಪಾಲನ್ನು ಲೆಕ್ಕ ಹಾಕಿ ದಾನ ಕೊಟ್ಟುಬಿಡುತ್ತಾರೆ ಅಂದಿದ್ದರು. ನನಗೆ ಅದು ಹಿಡಿಸಿತು. ನನ್ನ ಹಳೆಯ ಫಂಡುಗಳಲ್ಲಿ ಆ ಕಂಪೆನಿಗಳದ್ದು ಅಂದಾಜು ನೂರಕ್ಕೆ ಐದು ಅಂತ ಹಿಡಿದು ₹14,000 ತೆಗೆದಿಟ್ಟೆ. ಸಭೆಗೆ ಕಾಣಿಕೆ ಹಾಕಲು ಹೋದರೆ ಖಜಾಂಚಿ ಅಣ್ಣ ಧರ್ಮೋಪದೇಶಕಾಂಡ 23 ನೆನಪಿಸಿದರು. ಕೆಲವು ಬಗೆಯ ಸಂಪಾದನೆಯನ್ನು ದೇವರ ಮನೆಗೆ ತರಬಾರದು ಅಂತ ಅಲ್ಲಿದೆ. "ಬೇಡ ತಂಗಿ, ಕುಡಿತ ಬಿಡಿಸುವವರಿಗೆ ಕೊಡು, ಅಲ್ಲಿಗೇ ಸರಿಹೋಗುತ್ತದೆ" ಅಂದರು. ಹಾಗೇ ಮಾಡಿದೆ.

ಮಾರಿ ಬಂದ ದುಡ್ಡಿನಲ್ಲಿ ಈಗ ಅರ್ಧ ಶರಿಯಾ ನಿಯಮದ ಫಂಡಿನಲ್ಲಿ, ಇನ್ನರ್ಧ ಎಕ್ಸ್‌ಕ್ಲೂಷನ್ ಬಗೆಯ ಇಎಸ್‌ಜಿ ಫಂಡಿನಲ್ಲಿ. ಎರಡನೆಯದರಲ್ಲಿ ಬ್ಯಾಂಕುಗಳಿವೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮ್ಯಾನೇಜರು ಯಾವ ತಿಂಗಳಲ್ಲೂ ಷೇರು ಬದಲಿಸಬಹುದು, ಅದಕ್ಕೆ ಆರು ತಿಂಗಳಿಗೊಮ್ಮೆ ಎಕ್ಸೆಲ್ ಫೈಲು ತೆರೆದು ನನ್ನ ಚೀಟಿ ಹಿಡಿದು ನೋಡುತ್ತೇನೆ. ತೆರಿಗೆ ಉಳಿಸಲು ಹಾಕಿದ ಇಎಲ್‌ಎಸ್‌ಎಸ್ ಎಂಬ ಫಂಡು ಮೂರು ವರ್ಷ ಲಾಕ್. ಅದರ ಕೊನೆಯ ಕಂತು ಬಿಡುಗಡೆ ಆಗುವುದು ಮುಂದಿನ ಫೆಬ್ರವರಿಗೆ, ಅಲ್ಲಿಯವರೆಗೆ ಏನೂ ಮಾಡಲು ಬರುವುದಿಲ್ಲ. ಗಂಡನ ಫೋಲಿಯೊ ಮಾತ್ರ ಇದ್ದ ಹಾಗೇ ಇದೆ. ಅವರು ಇನ್ನೂ 1 ಕೊರಿಂಥ 10:25 ಬಿಟ್ಟಿಲ್ಲ. ಆದರೆ ಹೋದ ಭಾನುವಾರ ತಾವಾಗಿಯೇ ತಮ್ಮ ಫಂಡಿನ ಪೋರ್ಟ್‌ಫೋಲಿಯೊ ಫೈಲು ಡೌನ್‌ಲೋಡ್ ಮಾಡಿ, "ಇದರಲ್ಲಿ ಶೇಕಡಾವಾರು ಕಾಲಂ ಯಾವುದು?" ಅಂತ ಕೇಳಿದರು.